ಏಳು ಕುರ್ಚಿಯ ಮೇಜು

ಏಪ್ರಿಲ್ 4

ಪ್ರೀತಿಯ ಕಡ್ಡಿ,

ಕಾಗದ ನೋಡಿ ಯಾರೋ ಹೋಗಿಬಿಟ್ಟರು ಅಂತ ಎದೆ ಹಿಡಿದುಕೊಳ್ಳಬೇಡ. ಇಲ್ಲಿ ಎಲ್ಲರೂ ಗುಂಡುಕಲ್ಲಿನ ಹಾಗಿದ್ದೇವೆ. ಗಂಟಲಿನ ಆಪರೇಷನ್ ಆದ ಮೇಲೆ ಫೋನ್ ಮಾಡಿದರೆ ನಿನ್ನ ದನಿ ಇಲ್ಲ, ಮೆಸೇಜ್ ಕಳಿಸಿದರೆ ‘ಹೂಂ’, ‘ಸರಿ’, ‘ಆಯ್ತು’ ಬಿಟ್ಟು ಇನ್ನೊಂದು ಮಾತಿಲ್ಲ. ಡಾಕ್ಟರು ತೆಗೆದದ್ದು ನಿನ್ನ ದನಿಯನ್ನು ಮಾರಾಯ, ಕೈಯನ್ನಲ್ಲ. ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವ ಆ ಕೈಯಲ್ಲಿ ಅಕ್ಕನಿಗೆ ಎರಡು ಪುಟ ಬರೆ.

ವಿಷಯಕ್ಕೆ ಬರುತ್ತೇನೆ. ಮೇ ಇಪ್ಪತ್ತಕ್ಕೆ ಥೀಮ್ ಪಾರ್ಕಿಗೆ ಹೋಗುವುದು ಖಾಯಂ. ಪಾರ್ಕಿನ ಒಳಗೇ ಇರುವ ಹೋಟೆಲಿನಲ್ಲಿ ಎರಡು ಕೋಣೆ ಹಿಡಿದಿದ್ದೇನೆ, ಒಂದು ನಿಮಗೆ, ಒಂದು ನಮಗೆ. ಆಸ್ಪತ್ರೆಯ ಹಾಸಿಗೆಯಲ್ಲೇ ನಿನ್ನ ಮಗಳು ಚಿನಕುರುಳಿಗೆ ನೀನು ಚೀಟಿ ಬರೆದು ಕೊಟ್ಟ ಮಾತಿದು. ಆ ಮಗು ಅದನ್ನು ಮರೆತಿಲ್ಲ. ನನ್ನ ಎರಡು ಹುಡುಗರಂತೂ ಈಗಲೇ ಗೋಡೆಯ ಮೇಲೆ ಪಾರ್ಕಿನ ನಕ್ಷೆ ಅಂಟಿಸಿದ್ದಾರೆ.

ಈಗ ತೀರ್ಮಾನ ಆಗಬೇಕಾದದ್ದು ಊಟದ್ದು. ಅಲ್ಲಿ ಊಟದ ಪ್ಲ್ಯಾನ್ ಅಂತ ಒಂದಿದೆ. ಮೊದಲೇ ದುಡ್ಡು ಕಟ್ಟಿಬಿಟ್ಟರೆ ಬೆಳಗಿನ ತಿಂಡಿ, ರಾತ್ರಿಯ ಊಟ ಎಲ್ಲ ಅವರದೇ. ಸಂಜೆ ಏಳಕ್ಕೆ ನಮ್ಮ ಕುಟುಂಬಕ್ಕೇ ಅಂತ ದೊಡ್ಡ ಮೇಜು ಹಾಕಿ, ಕೂತಲ್ಲಿಗೇ ತಂದು ಬಡಿಸುತ್ತಾರಂತೆ. ಷರತ್ತು ಒಂದೇ: ಒಟ್ಟಿಗೆ ಕೋಣೆ ಹಿಡಿದವರೆಲ್ಲ ತಗೊಳ್ಳಬೇಕು. ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ ಅನ್ನುವ ಹಾಗಿಲ್ಲ. ಈ ತಿಂಗಳ ಕೊನೆಯೊಳಗೆ ಹೇಳಬೇಕು.

ನನಗೆ ಇದು ಬೇಕೇ ಬೇಕು ಕಣೋ. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾ? ಮದುವೆಗೆ ಮುಂಚೆ ಮನೆಯ ಒಲೆ, ಆಮೇಲೆ ಫ್ಯಾಕ್ಟರಿ ಕ್ಯಾಂಟೀನಿನ ಒಲೆ. ಎಲ್ಲಿಗೆ ಪ್ರವಾಸ ಹೋದರೂ ನನ್ನ ಚೀಲದಲ್ಲಿ ಕುಕ್ಕರು, ಸ್ಟವ್ವು. ಹೋದ ಸಲ ಸಮುದ್ರದ ದಡದಲ್ಲಿ ನೀವೆಲ್ಲ ಅಲೆ ನೋಡುತ್ತಿದ್ದಾಗ ನಾನು ಕೋಣೆಯ ಕಿಟಕಿ ಮುಚ್ಚಿ, ಹೋಟೆಲಿನವರಿಗೆ ವಾಸನೆ ಹೋಗದ ಹಾಗೆ ಈರುಳ್ಳಿ ಬಾಡಿಸುತ್ತಿದ್ದೆ. ಒಂದು ಮೂರು ದಿನ ನಾನೂ ಕೂತು ಉಣ್ಣುತ್ತೇನೆ. ಯಾರಾದರೂ ನನ್ನ ಮುಂದೆ ತಟ್ಟೆ ತಂದಿಡಲಿ. ಇಷ್ಟೇ ನನ್ನ ಆಸೆ.

ಕಳಿಸಿದ ಉಪ್ಪಿನಕಾಯಿ, ಬಿಸ್ಕತ್ತು ಹೇಗಿವೆ ಬರೆ. ಚಿಕ್ಕಂದಿನಿಂದ ನಮ್ಮ ಮನೆಯ ನಾಲಿಗೆ ನೀನೇ ತಾನೆ? ನೀನು ರುಚಿ ನೋಡಿ ತಲೆ ಆಡಿಸದೆ ಅಮ್ಮ ಒಲೆಯಿಂದ ಪಾತ್ರೆ ಇಳಿಸುತ್ತಿರಲಿಲ್ಲ. ನೀನು ಹೇಳಿದ ಮೇಲೇ ಕ್ಯಾಂಟೀನಿಗೆ ದೊಡ್ಡ ಜಾಡಿಯಲ್ಲಿ ಹಾಕುತ್ತೇನೆ.

ನಿನ್ನ ಅಕ್ಕ


ಏಪ್ರಿಲ್ 11

ಅಕ್ಕಾ,

ಎರಡು ಪುಟ ಕೇಳಿದ್ದೀಯ, ಇಗೋ. ಅಂಗಡಿಯಲ್ಲಿ ಗಿರಾಕಿ ಇಲ್ಲ. ಮೇಜಿನ ಮೇಲೆ ಬಿಚ್ಚಿದ ಯಂತ್ರ ಒಂದಿದೆ, ಅದರ ಹೊಟ್ಟೆ ತುಂಬ ದಾರದ ಚೂರು. ಗಿರಾಕಿಗಳಿಗೂ ನಾನೀಗ ಸ್ಲೇಟಿನಲ್ಲಿ ಬರೆದು ತೋರಿಸುವುದು. ಚೌಕಾಸಿ ಮಾಡುವವರು ಕಮ್ಮಿಯಾಗಿದ್ದಾರೆ, ಬರೆದದ್ದರ ಜೊತೆ ಜಗಳ ಆಡಲು ಜನರಿಗೆ ಬರುವುದಿಲ್ಲ.

ಉಪ್ಪಿನಕಾಯಿ ಚೆನ್ನಾಗಿದೆ. ಖಾರ ಸರಿ, ಹುಳಿ ಸರಿ, ಉಪ್ಪು ಒಂದು ಚಿಟಿಕೆ ಮುಂದಿದೆ. ಬಿಸ್ಕತ್ತು ಹೋದ ಸಲದ್ದಕ್ಕಿಂತ ಗರಿಗರಿ.

ಊಟದ ಪ್ಲ್ಯಾನಿನ ವಿಷಯ. ಅದು ನಮ್ಮಂಥವರಿಗೆ ಆಗಿಬರುವುದಿಲ್ಲ ಅನ್ನಿಸುತ್ತದೆ. ಮಕ್ಕಳು ಆಟದ ಸಾಲಿನಲ್ಲಿ ನಿಂತು, ಇನ್ನೇನು ತಮ್ಮ ಸರದಿ ಬಂತು ಅನ್ನುವಾಗ ನಾವು ‘ಏಳಾಯ್ತು, ಊಟಕ್ಕೆ ನಡೀರಿ’ ಅಂತ ಎಳೆದುಕೊಂಡು ಬರಬೇಕು. ದಿನವಿಡೀ ಐಸ್‌ಕ್ರೀಮು, ಹುರಿದ ಜೋಳ ತಿಂದ ಮಕ್ಕಳು ರಾತ್ರಿ ತಟ್ಟೆಯ ಮುಂದೆ ಕೂತು ತೂಕಡಿಸುತ್ತವೆ. ದುಡ್ಡು ಕಟ್ಟಿದ್ದೇವಲ್ಲ ಅಂತ ನೀನು ತುರುಕುತ್ತೀಯ. ಅದಕ್ಕಿಂತ ಹಸಿದವರು ಹಸಿದಾಗ, ಸಿಕ್ಕಲ್ಲಿ ತಿಂದರಾಯಿತು. ಯಾರಿಗೆ ಏನು ಬೇಕೋ ಅದು.

ಕುಕ್ಕರು, ಸ್ಟವ್ವು ಈ ಸಲ ನೀನು ತರಬೇಡ. ತಂದರೆ ನಾನೇ ಅದರ ಸ್ಕ್ರೂ ಬಿಚ್ಚಿಡುತ್ತೇನೆ. ಭಾವನವರಿಗೆ ನಮಸ್ಕಾರ ಹೇಳು.

ಕಡ್ಡಿ


ಏಪ್ರಿಲ್ 17

ಏ ಕಡ್ಡಿ,

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದಿದ್ದೀಯ. ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ, ‘ಅನ್ನಿಸುತ್ತದೆ’ ಅಂತೆ. ಸಿಕ್ಕಲ್ಲಿ ತಿಂದರಾಯಿತು ಅನ್ನುವುದು ಯಾರ ಮಾತು? ಕೊನೆಯ ತುತ್ತಿಗೂ ಇನ್ನೊಂದು ಸೌಟು ಹಾಕಿಸಿಕೊಂಡು ತಾಸುಗಟ್ಟಲೆ ಎಲ್ಲರ ಜೊತೆ ಕೂತಿರುತ್ತಿದ್ದ ನನ್ನ ತಮ್ಮನ ಮಾತಲ್ಲ ಅದು.

ನಾನೇನು ಸುಮ್ಮನಿರುವವಳಾ? ನಿನ್ನ ಹೆಂಡತಿಗೇ ಫೋನ್ ಮಾಡಿದೆ. ಅವಳೂ ಅದೇ ರಾಗ. “ಬೇಡ ಅತ್ತಿಗೆ, ಊಟದ್ದೊಂದು ಬಿಟ್ಬಿಡಿ” ಅಂದಳು. ಯಾಕಮ್ಮಾ ಅಂದೆ. “ಅವರನ್ನೇ ಕೇಳಿ” ಅಂತ ಇಟ್ಟುಬಿಟ್ಟಳು. ಈಗ ಗೊತ್ತಾಯಿತು ಎಲ್ಲಿಂದ ಗಾಳಿ ಬೀಸುತ್ತಿದೆ ಅಂತ. ಆಸ್ಪತ್ರೆಯ ಖರ್ಚು ಬಿದ್ದಿದೆ, ನನಗೂ ಅರ್ಥವಾಗುತ್ತದೆ. ಆದರೆ ಹುಷಾರಿಲ್ಲದೆ ಎದ್ದ ಗಂಡನ ತುತ್ತಿನಲ್ಲಿ ಉಳಿಸುವುದಾ? ಆಸ್ಪತ್ರೆಯಲ್ಲಿ ನೋಡಿದಾಗ ಮೂಗಿಗೊಂದು ನಳಿಗೆ ಹಾಕಿಕೊಂಡು ಮಲಗಿದ್ದೆ. ಅದು ತೆಗೆದ ಮೇಲೆ ಮೈ ತುಂಬಿಕೊಳ್ಳಬೇಕಿತ್ತು. ಹೋದ ತಿಂಗಳು ನಿನ್ನ ಚಿನಕುರುಳಿ ಕಳಿಸಿದ ಫೋಟೋದಲ್ಲಿ ನಿನ್ನ ಕೊರಳಪಟ್ಟಿ ಇನ್ನೊಂದು ಕತ್ತು ಹಿಡಿಸುವಷ್ಟು ಅಗಲವಾಗಿದೆ. ಅವಳು ಸರಿಯಾಗಿ ಬಡಿಸುತ್ತಿದ್ದಾಳಾ ಇಲ್ಲವಾ? ಕೇಳುವ ಹಕ್ಕು ನನಗಿದೆ.

ಉಪ್ಪು ಕಮ್ಮಿ ಮಾಡಿದೆ. ಕ್ಯಾಂಟೀನಿನಲ್ಲಿ ಎಲ್ಲರೂ ಈಗ ಸರಿಹೋಯ್ತು ಅಂದರು. ನೋಡಿದೆಯಾ, ಇಷ್ಟು ದೂರದಿಂದಲೂ ನಿನ್ನ ನಾಲಿಗೆ ನನ್ನ ಅನ್ನ ಕಾಯುತ್ತಿದೆ.

ಅಕ್ಕ


ಏಪ್ರಿಲ್ 22

ಅಕ್ಕಾ,

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಿದ್ದೀಯ. ಅವಳ ಬಗ್ಗೆ ಇನ್ನೊಂದು ಮಾತು ಬರೆದರೆ ನಾನು ಕಾಗದ ಒಡೆಯುವುದಿಲ್ಲ. ನನ್ನನ್ನು ಅವಳು ನೋಡಿಕೊಂಡ ಹಾಗೆ ಯಾರೂ ಯಾರನ್ನೂ ನೋಡಿಕೊಳ್ಳುವುದಿಲ್ಲ.

ನೀವೆಲ್ಲ ಹೋಗಿಬನ್ನಿ. ಪ್ಲ್ಯಾನ್ ತಗೊಳ್ಳಿ, ಮೇಜು ಹಾಕಿಸಿಕೊಳ್ಳಿ. ಅವಳನ್ನೂ ಮಗುವನ್ನೂ ಕರಕೊಂಡು ಹೋದರೆ ಸಂತೋಷ. ನಾನು ಬರುವುದಿಲ್ಲ. ಅಂಗಡಿಯಲ್ಲಿ ಕೆಲಸವಿದೆ.

ತಮ್ಮ


ಏಪ್ರಿಲ್ 22

ನನ್ನ ಮುದ್ದು ಕಡ್ಡಿ,

ಹಿಂದಿನ ಕಾಗದದಲ್ಲಿ ಸ್ವಲ್ಪ ಜೋರಾಗಿ ಬರೆದೆ. ನನ್ನ ಕೋಪ ಮೂಗಿನ ತುದಿಯಲ್ಲಿರುವುದು ನಿನಗೆ ಗೊತ್ತಿದ್ದದ್ದೇ. ನಿನ್ನ ಉತ್ತರಕ್ಕೂ ಕಾಯದೆ ಇದನ್ನು ಬರೆಯುತ್ತಿದ್ದೇನೆ, ಖುಷಿ ತಡೆಯಲಾಗುತ್ತಿಲ್ಲ.

ಕಟ್ಟಿಬಿಟ್ಟೆ! ಏಳೂ ಜನರದ್ದು. ನಿನ್ನ ಭಾವ “ಅವನನ್ನ ಒಂದು ಮಾತು ಕೇಳು” ಅಂದರು. ಕೇಳುತ್ತಾ ಕೂತರೆ ಮುದುಕಿ ಆಗುತ್ತೇನೆ ಅಂದೆ. ನನ್ನ ಸಂಬಳದಲ್ಲಿ ಎತ್ತಿಟ್ಟದ್ದು, ಯಾರ ಹಂಗೂ ಇಲ್ಲ. ಈಗ ನಿನ್ನ ಹೆಂಡತಿಯೂ ಚಿಂತೆ ಮಾಡಬೇಕಿಲ್ಲ, ನೀನೂ ಬಾಯಿ ಕಟ್ಟಬೇಕಿಲ್ಲ.

ಇನ್ನೂ ಒಂದು ಕೆಲಸ ಮಾಡಿದ್ದೇನೆ. ಹೋಟೆಲಿನವರಿಗೆ ಫೋನ್ ಮಾಡಿ, “ನಮ್ಮ ತಮ್ಮ ದೊಡ್ಡ ಕಾಯಿಲೆಯಿಂದ ಎದ್ದು ಬರ್ತಿದ್ದಾನೆ, ಮೊದಲ ತಟ್ಟೆ ಅವನ ಮುಂದೆ ಇಡಿ, ಎಲ್ಲರಿಗೂ ಕಾಣೋ ಹಾಗೆ ಮಧ್ಯದ ಕುರ್ಚೀಲಿ ಕೂರಿಸಿ” ಅಂದೆ. ಆ ಕಡೆಯ ಹುಡುಗಿ ಎಷ್ಟು ಒಳ್ಳೆಯವಳು ಅಂದರೆ, ನಾವು ಚಪ್ಪಾಳೆ ತಟ್ಟಿಸಿ ಸ್ವಾಗತ ಮಾಡುತ್ತೇವೆ ಮೇಡಂ ಅಂದಳು!

ಅಕ್ಕ


ಏಪ್ರಿಲ್ 28

ತಮ್ಮ,

ನಿನ್ನ ಕಾಗದ ಬಂತು. ನನ್ನದು ನಿನಗೆ ಸಿಕ್ಕಿರಬೇಕು. ದಾರಿಯಲ್ಲಿ ಒಂದಕ್ಕೊಂದು ಮುಖ ನೋಡದೆ ಹೋಗಿವೆ.

ಬರುವುದಿಲ್ಲ ಅಂದಿದ್ದೀಯ. ಮೂರು ಸಲ ಓದಿದೆ, ಮೂರು ಸಲವೂ ಹಾಗೇ ಇತ್ತು. ಅಂಗಡಿಯಲ್ಲಿ ಕೆಲಸವಂತೆ. ಸುಳ್ಳು ಹೇಳುವುದಿದ್ದರೆ ಸ್ವಲ್ಪ ಶ್ರಮಪಟ್ಟಾದರೂ ಹೇಳು.

ನಾನು ಅವಳನ್ನು ಅಂದದ್ದು ತಪ್ಪು ಅಂತ ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ಅಕ್ಕನ ಜೊತೆ ಕೂತು ಊಟ ಮಾಡುವುದೇ ಬೇಡ ಅನ್ನುವಷ್ಟು ಏನಾಯಿತು? ಜಗಳ ಆಡಿದ ದಿನವೂ ನಾನು ಬಡಿಸಿದ್ದನ್ನು ನೀನು ಬಿಟ್ಟವನಲ್ಲ. ನಾನು ಏನು ಮಾಡಿದೆ ಹೇಳು.

ಅಕ್ಕ


ಮೇ 5

ಅಕ್ಕಾ,

ಬರೆದು ಹರಿದು, ಬರೆದು ಹರಿದು, ಅಂಗಡಿಯ ಕಸದ ಬುಟ್ಟಿ ತುಂಬಿದೆ. ಇದನ್ನು ನಿಂತು ಓದಬೇಡ. ಕ್ಯಾಂಟೀನಿನಲ್ಲಿ ಆ ಮೂಲೆಯ ಅಕ್ಕಿ ಮೂಟೆಯ ಮೇಲಾದರೂ ಕೂತುಕೋ.

ನಾನು ಊಟ ಮಾಡುವುದಿಲ್ಲ. ಆಪರೇಷನ್ ಆದಾಗಿನಿಂದ ಒಂದು ಅಗುಳು ನನ್ನ ಬಾಯಿಂದ ಕೆಳಗೆ ಇಳಿದಿಲ್ಲ. ಮೂಗಿನ ನಳಿಗೆ ಸ್ವಲ್ಪ ದಿನ, ಆಮೇಲೆ ನುಂಗಬಹುದು ಅಂದಿದ್ದರು. ನೀನು ಕೇಳಿಸಿಕೊಂಡು ಹೋದದ್ದು ಅಷ್ಟೇ. ಆಮೇಲೆ ಆಗಲಿಲ್ಲ. ಎಷ್ಟು ಸಲ ಯತ್ನ ಮಾಡಿದರೂ ನೀರು ಕೂಡ ತಪ್ಪು ದಾರಿ ಹಿಡಿಯಿತು. ಮೂಗಿನದ್ದು ತೆಗೆದು ಹೊಟ್ಟೆಗೆ ನೇರವಾಗಿ ಒಂದು ನಳಿಗೆ ಕೂರಿಸಿದ್ದಾರೆ. ಅಂಗಿಯ ಒಳಗೆ ಮಡಚಿ ಅಂಟಿಸಿಕೊಂಡಿರುತ್ತೇನೆ. ನನ್ನ ಹೆಂಡತಿ ಕಾಳು, ಹಿಟ್ಟು ಬೇಯಿಸಿ, ಅರೆದು, ಸೋಸಿ ಬಾಟಲಿಯಲ್ಲಿ ತುಂಬಿಕೊಡುತ್ತಾಳೆ. ಸೂಜಿಯಿಲ್ಲದ ದೊಡ್ಡ ಸಿರಿಂಜನ್ನು ನಳಿಗೆಗೆ ಸಿಕ್ಕಿಸಿ, ಎತ್ತಿ ಹಿಡಿದು, ಮೇಲಿನಿಂದ ಹೊಯ್ದರೆ ತಾನೇ ಇಳಿಯುತ್ತದೆ. ಹಸಿವು ಹೋಗುತ್ತದೆ. ಊಟ ಆಯಿತು ಅನ್ನಿಸುವುದಿಲ್ಲ. ಇದು ಇನ್ನು ಹೀಗೇ ಅಂತ ಡಾಕ್ಟರು ಚಳಿಗಾಲದಲ್ಲೇ ಹೇಳಿದರು.

ಹಲ್ಲಿದ್ದವನಿಗೆ ಕಡಲೆಯಿಲ್ಲ ಅಂತ ಗಾದೆ. ನನಗೆ ಹಲ್ಲೂ ಇದೆ, ಕಡಲೆಯೂ ಇದೆ ನೋಡು.

ನೀನು ಕಳಿಸಿದ ಉಪ್ಪಿನಕಾಯಿ, ಬಿಸ್ಕತ್ತು ನಾನು ತಿಂದಿಲ್ಲ. ಪೊಟ್ಟಣ ಬಂದ ದಿನ ಚಿನಕುರುಳಿಯನ್ನು ಎದುರಿಗೆ ಕೂರಿಸಿಕೊಂಡು ಸ್ಲೇಟಿನಲ್ಲಿ ಕೇಳುತ್ತೇನೆ: ಉಪ್ಪು ಹೇಗಿದೆ? ಹುಳಿ? ಅವಳು ಕಣ್ಣು ಮುಚ್ಚಿ ಯೋಚಿಸಿ ಹೇಳುತ್ತಾಳೆ. ಅವಳಿಗದು ಆಟ. ನಿನ್ನ ಕ್ಯಾಂಟೀನಿನ ಜಾಡಿಗಳಿಗೆ ಇಷ್ಟು ದಿನ ಉಪ್ಪು ಹೇಳಿದ್ದು ಎಂಟು ವರ್ಷದ ನಾಲಿಗೆ. ನಿನಗೆ ಕೋಪ ಬರಲಿ, ಬರಬೇಕಾದದ್ದೇ.

ಯಾಕೆ ಹೇಳಲಿಲ್ಲ ಅಂದರೆ, ಬೇರೆ ಯಾರಿಗಾದರೂ ಹೇಳಬಹುದಿತ್ತು. ನೀನು ಅಳುವುದಿದ್ದರೂ ಅಡುಗೆ ಮಾಡುತ್ತೀಯ, ಪ್ರೀತಿ ಮಾಡುವುದಿದ್ದರೂ ಬಡಿಸುತ್ತೀಯ. ನಾನು ಉಣ್ಣುವುದಿಲ್ಲ ಅಂತ ಗೊತ್ತಾದರೆ ಅಕ್ಕನಿಗೂ ನನಗೂ ಮಧ್ಯೆ ಇನ್ನೇನು ಉಳಿಯುತ್ತದೆ ಅಂತ ಹೆದರಿದೆ.

ಮಗುವಿಗೂ ಗೊತ್ತಿಲ್ಲ. ಮನೆಯಲ್ಲಿ ತಟ್ಟೆ ಹಾಕುವ ಸದ್ದು ಕೇಳಿದ ಕೂಡಲೇ ನಾನು ಬಾಟಲಿ ಹಿಡಿದು ಕೆಳಗಿನ ಅಂಗಡಿಗೆ ಇಳಿಯುತ್ತೇನೆ. ಶಟರು ಅರ್ಧ ಎಳೆದು, ಯಂತ್ರಗಳ ಮಧ್ಯೆ ನಿಂತು ಮುಗಿಸುತ್ತೇನೆ. “ಅಪ್ಪ ಅಂಗಡೀಲೇ ಊಟ ಮಾಡ್ತಾರೆ” ಅಂತ ಅವಳಮ್ಮ ಹೇಳಿದ್ದಾಳೆ. ಎಲ್ಲರ ಕಣ್ಣೂ ತಟ್ಟೆಯ ಮೇಲಿರುವ ಕಡೆ ನಾನು ಕೂರಲಾರೆ. ನೀನು ಮಧ್ಯದ ಕುರ್ಚಿ ಹೇಳಿದ್ದೀಯ. ಚಪ್ಪಾಳೆ ಬೇರೆ. ಅದನ್ನು ಓದಿದ ದಿನ ನಾನು ಅಂಗಡಿ ತೆರೆಯಲಿಲ್ಲ.

ನನ್ನ ಹೆಂಡತಿಯನ್ನು ನೀನು ಬೈದಾಗಲೂ ಅವಳು ನನ್ನ ಗುಟ್ಟು ಕಾಯ್ದಳು. ಅವಳಿಗೆ ಫೋನ್ ಮಾಡು.

ಕಡ್ಡಿ


ಮೇ 9

ಕಡ್ಡಿ, ನನ್ನ ಕಂದಾ,

ಅಕ್ಕಿ ಮೂಟೆಯ ಮೇಲೆ ಕೂತೇ ಓದಿದೆ. ಒಲೆಯ ಮೇಲೆ ಸಾರು ಉಕ್ಕಿ ಹರಿಯಿತು, ನಾನು ಏಳಲಿಲ್ಲ. ಪಾತ್ರೆ ತೊಳೆಯುವವಳು ಬಂದು ಉರಿ ಆರಿಸಿ, ನನ್ನ ಪಕ್ಕ ಕೂತಳು.

ಮೊದಲು ಕೋಪ. ಹೌದು, ಬಂತು. ಚಳಿಗಾಲದಿಂದ ನಿನ್ನೊಬ್ಬನ ಗಂಟಲಲ್ಲಿ ಇದನ್ನು ಇಟ್ಟುಕೊಂಡೆಯಲ್ಲೋ ಪಾಪಿ! ನಾನೇನು ಸತ್ತುಹೋಗಿದ್ದೆನಾ? ಆಮೇಲೆ ನಾನೇ ಬರೆದ ಕಾಗದಗಳು ನೆನಪಾದವು. ಕೊನೆಯ ತುತ್ತು, ಇನ್ನೊಂದು ಸೌಟು, ಮಧ್ಯದ ಕುರ್ಚಿ, ಚಪ್ಪಾಳೆ. ಒಂದೊಂದೂ ನಿನಗೆ ಹೇಗೆ ನಾಟಿರಬಹುದು!

ನಿನ್ನ ಹೆಂಡತಿಗೆ ಫೋನ್ ಮಾಡಿದೆ. ಏನು ಹೇಳಬೇಕು ಅಂತ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಅವಳ ದನಿ ಕೇಳಿದ ಮೇಲೆ “ತಾಯೀ, ತಪ್ಪಾಯ್ತು” ಅನ್ನುವುದಷ್ಟೇ ಬಂತು. “ಬಿಡಿ ಅತ್ತಿಗೆ, ನನಗೂ ಯಾರ ಹತ್ರಾನಾದ್ರೂ ಅಳಬೇಕಿತ್ತು” ಅಂದಳು. ಇಬ್ಬರೂ ಅತ್ತೆವು. ಯಾವ ಕಾಳು, ಎಷ್ಟು ನೀರು, ಎಷ್ಟು ಸಲ ಸೋಸುವುದು ಎಲ್ಲ ಕೇಳಿ ತಿಳಿದುಕೊಂಡೆ. ನಿನ್ನೆ ಮನೆಯಲ್ಲಿ ಮಾಡಿ ನೋಡಿದೆ. ನನ್ನದು ಸ್ವಲ್ಪ ಮಂದವಾಯಿತು, ಇನ್ನೊಮ್ಮೆ ಮಾಡುತ್ತೇನೆ. ನಮ್ಮಿಬ್ಬರ ಮಧ್ಯೆ ಏನು ಉಳಿಯುತ್ತದೆ ಅಂತ ಕೇಳಿದೆಯಲ್ಲ, ದಡ್ಡ, ಅದೂ ಅಡುಗೆಯೇ. ಬಾಯಿಂದ ಹೋದರೇನು, ಹೊಟ್ಟೆಯಿಂದ ಹೋದರೇನು?

ಈಗ ಪ್ಲ್ಯಾನಿನದ್ದು. ಬುಕ್ಕಿಂಗ್ ಆಫೀಸಿಗೆ ಹೋಗಿದ್ದೆ. ಚಪ್ಪಾಳೆ ಗಿಪ್ಪಾಳೆ ಏನೂ ಬೇಡ ಅಂತ ಬರೆಸಿ ಬಂದೆ. ಕೌಂಟರಿನ ಹುಡುಗಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಡಾಕ್ಟರ ಚೀಟಿ ಕೊಟ್ರೆ ಒಬ್ಬರದ್ದು ಕಳೆದು ದುಡ್ಡು ವಾಪಸ್ ಕೊಡ್ತೀವಿ. ಆದ್ರೆ ಮೇಜಿಗೆ ಆರೇ ಕುರ್ಚಿ ಹಾಕೋದು. ಪ್ಲ್ಯಾನ್ ಇಲ್ಲದವರು ಊಟದ ಹಾಲ್‌ಗೆ ಬರೋ ಹಾಗಿಲ್ಲ.” ಪೂರ್ತಿ ಬೇಡ ಅಂದರೂ ಆಗುತ್ತದಂತೆ, ಅರ್ಧ ದುಡ್ಡು ಹೋಗುತ್ತದೆ. ಹೋಗಲಿ. ಸಿಕ್ಕಲ್ಲಿ ತಿಂದರಾಯಿತು.

ಮನಸ್ಸು ಅಲ್ಲಿಯೇ ಪೂರ್ತಿ ರದ್ದು ಮಾಡು ಅಂತ ಎಳೆಯಿತು. ಮಾಡದೆ ಬಂದೆ. ನಿನ್ನನ್ನು ಕೇಳದೆ ಒಮ್ಮೆ ತೀರ್ಮಾನ ಮಾಡಿ ನೋಡಿದ್ದಾಯಿತು. ಈ ಸಲ ನೀನು ಹೇಳಿದ್ದೇ ಆಗಲಿ. ಹದಿನೈದರವರೆಗೆ ಸಮಯ ಕೊಟ್ಟಿದ್ದಾರೆ.

ಅಕ್ಕ


ಮೇ 12

ಅಕ್ಕಾ,

ನಿನ್ನ ಕಾಗದ ಬೆಳಿಗ್ಗೆ ಬಂತು. ಮಧ್ಯಾಹ್ನ ಮನೆಯಲ್ಲಿ ತಟ್ಟೆಯ ಸದ್ದಾಯಿತು. ಬಾಟಲಿ ಹಿಡಿದು ಮೆಟ್ಟಿಲವರೆಗೆ ಹೋದವನು ನಿಂತೆ. ವಾಪಸ್ ಹೋಗಿ ಚಿನಕುರುಳಿಯ ಎದುರಿಗೆ ಕೂತೆ. ಹೆಂಡತಿ ಸೌಟು ಹಿಡಿದವಳು ಹಾಗೇ ನಿಂತುಬಿಟ್ಟಳು.

ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಸ್ಲೇಟಿನಲ್ಲಿ ಬರೆದೆ: ಅಪ್ಪ ಊಟ ಮಾಡೋದು ಹೀಗೆ. ಚಿನಕುರುಳಿ ಬಗ್ಗಿ ಹತ್ತಿರದಿಂದ ನೋಡಿದಳು. “ನೋಯುತ್ತಾ?” ಅಂದಳು. ಇಲ್ಲ ಅಂತ ತಲೆ ಆಡಿಸಿದೆ. ಆಮೇಲೆ ಕೇಳಿದಳು: “ಹಾಗಾದ್ರೆ ಇದಕ್ಕಾ ನೀನು ಎದ್ದು ಹೋಗ್ತಿದ್ದಿದ್ದು? ನಾನು ಚಪ್ಪರಿಸಿ ತಿನ್ನೋದು ಇಷ್ಟ ಇಲ್ಲ ಅಂತ ಅಲ್ವಾ?”

ಅಕ್ಕಾ, ನಾನು ಮೇಜಿಗೆ ವಾಪಸ್ ಬರಲಿ ಅಂತ ಆ ಮಗು ಸದ್ದು ಮಾಡದೆ ತಿನ್ನುವುದನ್ನು ಕಲಿತಿತ್ತು. ಬಾಯಿ ಮುಚ್ಚಿಕೊಂಡು, ಚಮಚ ತಟ್ಟೆಗೆ ತಾಗದ ಹಾಗೆ. ಅವಳಮ್ಮ ಅದನ್ನು ಒಳ್ಳೆಯ ನಡತೆ ಅಂದುಕೊಂಡಿದ್ದಳು. ನಾನು ನೋಡಲೇ ಇಲ್ಲ, ಕೆಳಗೆ ಅಂಗಡಿಯಲ್ಲಿದ್ದೆ. ನನ್ನ ಮಾನ ಕಾಯ್ದುಕೊಳ್ಳುತ್ತೇನೆ ಅಂತ ಹೋಗಿ ಅವಳ ಬಾಯಿ ಕಟ್ಟಿಸಿದ್ದೆ. ಅತ್ತುಬಿಟ್ಟೆ. ನನ್ನ ಅಳುವಿಗೂ ದನಿಯಿಲ್ಲ, ಅದಕ್ಕೇ ಅವಳಿಗೆ ತಿಳಿಯುವುದು ಸ್ವಲ್ಪ ತಡವಾಯಿತು.

ಪ್ಲ್ಯಾನ್ ಇರಲಿ. ಏಳೂ ಜನರದ್ದು. ತಟ್ಟೆ ನನಗೆ ಬೇಡ, ಕುರ್ಚಿ ಬೇಕು. ತಿನ್ನದ ಊಟಕ್ಕೆ ದುಡ್ಡು ಕೊಡುವುದು ದಡ್ಡತನ ಅಂತ ಯಾರಾದರೂ ಅಂದರೆ ಅನ್ನಲಿ. ಮಧ್ಯದ ಕುರ್ಚಿ ಬೇಡ, ತುದಿಯದ್ದು ಸಾಕು. ಜನ ನೋಡಿದರೆ ಏನು ಮಾಡುವುದೋ ನನಗೆ ಗೊತ್ತಿಲ್ಲ, ಹೆದರಿಕೆ ಹೋಗಿಲ್ಲ. ಬರುತ್ತೇನೆ.

ಕಡ್ಡಿ


ಮೇ 29

ಕಡ್ಡಿ,

ಬಂದು ಸೇರಿದ್ದಾಯಿತು. ಹುಡುಗರ ಚರ್ಮ ಬಿಸಿಲಿಗೆ ಸುಲಿಯುತ್ತಿದೆ, ನಿನ್ನ ಭಾವ ಆ ತಿರುಗುವ ತೊಟ್ಟಿಲಿನ ಮೇಲೆ ಕೂತದ್ದನ್ನು ಫ್ಯಾಕ್ಟರಿಯಲ್ಲೆಲ್ಲ ಸಾರಿಕೊಂಡು ಬರುತ್ತಿದ್ದಾರೆ, ಕಿರುಚಿದ್ದನ್ನು ಮಾತ್ರ ಹೇಳುತ್ತಿಲ್ಲ.

ಮೊದಲ ರಾತ್ರಿಯದ್ದು ನಿನ್ನ ಎದುರೇ ನಡೆದದ್ದು, ಆದರೂ ಬರೆಯುತ್ತೇನೆ. ನನ್ನೊಳಗೆ ಏನಾಯಿತು ಅಂತ ನೀನು ನೋಡಿಲ್ಲವಲ್ಲ.

ಬಿಳಿ ಬಟ್ಟೆ ಹಾಸಿದ ಮೇಜು. ನೀನು ತುದಿಯಲ್ಲಿ, ಪಕ್ಕದಲ್ಲಿ ಚಿನಕುರುಳಿ. ಬಡಿಸುವವನು ನಿನ್ನ ಮುಂದೆಯೂ ತಟ್ಟೆ ಇಟ್ಟ, ನೀನು ಅದನ್ನು ಮೆಲ್ಲಗೆ ನನ್ನ ದೊಡ್ಡವನ ಕಡೆ ಸರಿಸಿದೆ. ಸಿರಿಂಜು ಎತ್ತಿ ಹಿಡಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಎದ್ದು ಅವರ ಕಣ್ಣಿಗೆ ಸೌಟು ತುರುಕೋಣ ಅನ್ನಿಸಿತು, ಕೈಯಲ್ಲಿ ಸೌಟಿರಲಿಲ್ಲ. ಚಿನಕುರುಳಿ “ಅಪ್ಪ, ನಾನು ಹಿಡೀಲಾ?” ಅಂದು ಕುರ್ಚಿಯ ಮೇಲೆ ಹತ್ತಿ ನಿಂತು ಹಿಡಿದಳು. ಆಮೇಲೆ ಕೂತು, ಇಡೀ ಹಾಲಿಗೆ ಕೇಳುವ ಹಾಗೆ ಚಪ್ಪರಿಸಿ ತಿಂದಳು. ಎಲ್ಲರೂ ತಿನ್ನುತ್ತಿದ್ದರು.

ನಾನು ತಿನ್ನಲಿಲ್ಲ. ನನ್ನ ಮುಂದೆ ತಟ್ಟೆ ಇತ್ತು, ಯಾರೋ ತಂದಿಟ್ಟದ್ದು, ಕೈ ಮಾತ್ರ ಮೇಲೆ ಏಳಲಿಲ್ಲ. ತಮ್ಮ ಇಲ್ಲಿ ಹೀಗೆ ಕೂತಿರುವಾಗ ಈ ತುತ್ತು ನನಗೆ ಹೇಗೆ ಇಳಿದೀತು? ಎದ್ದು ನೀರು ತರುತ್ತೇನೆ ಅಂತ ನೆಪ ಹುಡುಕುತ್ತಿದ್ದೆ. ಆಗ ನೀನು ಮೇಜು ಕುಟ್ಟಿದೆ. ಸ್ಲೇಟು ತಿರುಗಿಸಿ ತೋರಿಸಿದೆ. ‘ಅಕ್ಕಾ, ನೀನು ಕೂತು ಉಣ್ಣೋದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ತಿನ್ನು. ನಾನು ನೋಡ್ಬೇಕು.’

ಅದು ನಿಜ. ನಿಮಗೆಲ್ಲ ಬಡಿಸಿ, ಒಲೆ ಒರೆಸಿ, ಕಟ್ಟೆಗೆ ಒರಗಿ, ತಳದಲ್ಲಿ ಉಳಿದದ್ದನ್ನು ನಿಂತೇ ಬಾಯಿಗೆ ಹಾಕಿಕೊಂಡವಳು ನಾನು. ಒಬ್ಬರೂ ನೋಡಿರಲಿಲ್ಲ. ನೀನು ಗದ್ದಕ್ಕೆ ಕೈ ಕೊಟ್ಟು, ಒಂದು ತುತ್ತನ್ನೂ ಬಿಡದೆ, ಕೊನೆಯವರೆಗೂ ನೋಡಿದೆ. ನನಗೆ ಎಷ್ಟು ನಾಚಿಕೆಯಾಯಿತು ಅಂದರೆ, ಮದುವೆಯ ದಿನವೂ ಅಷ್ಟು ಆಗಿರಲಿಲ್ಲ.

ಎಲ್ಲ ತಿಂದೆ ಕಣೋ. ಬಿಸಿಯಾಗಿತ್ತು.

ಅಕ್ಕ